ಬೆನ್ನ ಮೇಲಿನ ಮನೆ: ಇಬ್ಬರ ಹಗುರ ಡೇರೆಯನ್ನು ಆರಿಸುವ ಬಗೆ

ಡೇರೆ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಜಾತ್ರೆಯ ಬಯಲಿನ ಸರ್ಕಸ್, ಎನ್.ಸಿ.ಸಿ. ಶಿಬಿರದ ಕ್ಯಾನ್ವಾಸು, ಹಿರಿಯರು ಕಥೆ ಹೇಳುವ ಟೂರಿಂಗ್ ಟಾಕೀಸು. ಇವೆಲ್ಲ ಲಾರಿಯಲ್ಲೋ ಗಾಡಿಯಲ್ಲೋ ಬರುವ ಡೇರೆಗಳು. ಇಲ್ಲಿ ಹೇಳಹೊರಟಿರುವ ಡೇರೆ ಬೇರೆ. ಅದನ್ನು ಇಬ್ಬರು ತಮ್ಮ ಬೆನ್ನ ಮೇಲೆ ಹೊತ್ತು, ರಸ್ತೆಯಿಂದ ಒಂದೆರಡು ದಿನದ ನಡಿಗೆಯಷ್ಟು ಒಳಗೆ ಹೋಗಿ, ಮಳೆ ಹಿಮಗಳ ನಡುವೆ ಅದರಲ್ಲೇ ಮಲಗಬೇಕು. ಭಾರವಾದರೆ ಹೊರಲಾಗದು. ತೀರ ಹಗುರವಾದರೆ ಅದು ರಾತ್ರಿಯನ್ನು ತಾಳಲಾರದು.

ಇಂಥ ಡೇರೆಗೆ ಕಠಿಣ ಪರೀಕ್ಷೆ ನಡೆಯುವ ಸ್ಥಳಗಳಲ್ಲಿ ಅಮೆರಿಕದ ರಾಕಿ ಪರ್ವತಗಳೂ ಒಂದು, ಅದೂ ಬೇಟೆಯ ಋತುವಿನಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ನಿಷಿದ್ಧ. ಅದು ಹಾಗೆಯೇ ಇರಲಿ. ಕೊಲರಾಡೊ, ವಯೋಮಿಂಗ್, ಮೊಂಟಾನಾ ಮುಂತಾದ ಅಲ್ಲಿನ ರಾಜ್ಯಗಳಲ್ಲಿ ಪರವಾನಗಿ ಪಡೆದು, ಗೊತ್ತುಪಡಿಸಿದ ದಿನಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡಲು ಅವಕಾಶವಿದೆ. ಎಲ್ಕ್ ನಮ್ಮ ಕಡವೆಯ ಬಂಧು, ಗಾತ್ರದಲ್ಲಿ ಅದಕ್ಕಿಂತ ಹಿರಿದು. ನೀವು ಬೇಟೆಗೆ ಹೋಗಬೇಕಾಗಿಲ್ಲ. ಆದರೆ ಮುಂದೊಂದು ರಜೆಯಲ್ಲಿ ಗೆಳೆಯನೋ ಗೆಳತಿಯೋ ಜೊತೆಗಿದ್ದು ಹಿಮಾಲಯದ ಚಾರಣಕ್ಕೆ ಹೊರಟರೆ, ಆ ಬೇಟೆಗಾರರು ಎದುರಿಸುವ ಪ್ರಶ್ನೆಗಳನ್ನೇ ನೀವೂ ಎದುರಿಸುತ್ತೀರಿ.

ಅವರಿಗೆ ತೂಕದ ಚಿಂತೆ ಏಕೆ ಹೆಚ್ಚು? 1964ರ ವನ್ಯಪ್ರದೇಶ ಕಾಯಿದೆಯಡಿ ಕಾದಿಟ್ಟ ಕಾಡುಗಳಲ್ಲಿ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ಕುದುರೆ ಇದ್ದವರು ಕುದುರೆಯ ಮೇಲೆ ಹೋಗುತ್ತಾರೆ, ಉಳಿದವರು ಕಾಲ್ನಡಿಗೆಯಲ್ಲಿ. ಚಾರಣಿಗನ ಹೊರೆ ದಿನ ಕಳೆದಂತೆ ಇಳಿಯುತ್ತದೆ, ಏಕೆಂದರೆ ಬುತ್ತಿ ಕರಗುತ್ತದೆ. ಬೇಟೆಗಾರನದು ಉಲ್ಟಾ. ದೊಡ್ಡ ಗಂಡು ಎಲ್ಕ್ ಒಂದರಿಂದ ಮೂಳೆ ಬಿಡಿಸಿದ ಮಾಂಸವೇ 80 ಕಿಲೋಗ್ರಾಮಿನ ಆಸುಪಾಸು ಬರುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟುಬರುವುದು ಆ ಭಾಗದ ಹೆಚ್ಚಿನ ರಾಜ್ಯಗಳಲ್ಲಿ ಅಪರಾಧ. ಹೀಗಾಗಿ ಹೋಗುವಾಗಲೇ ಅವರು ಗ್ರಾಮುಗಳನ್ನು ಎಣಿಸುತ್ತಾರೆ.

ಹಳೆಯ ಕ್ಯಾನ್ವಾಸ್ ಡೇರೆ 25 ಕಿಲೋಗ್ರಾಮನ್ನೂ ಮೀರುತ್ತಿತ್ತು. ಇಂದು ಇಬ್ಬರು ಮಲಗುವ ಒಳ್ಳೆಯ ಡೇರೆ ಒಂದೂಕಾಲರಿಂದ ಎರಡು ಕಿಲೋ ಇರುತ್ತದೆ. ಒಂದು ಕಿಲೋಗಿಂತ ಕಡಿಮೆಯವೂ ಇವೆ. ಇಲ್ಲಿ ಮೊದಲ ಎಚ್ಚರಿಕೆ: ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿರುವ ತೂಕವನ್ನು ಹಾಗೆಯೇ ನಂಬಬೇಡಿ. ಕೆಲವು ತಯಾರಕರು ಬಟ್ಟೆ ಮತ್ತು ಕೋಲುಗಳನ್ನಷ್ಟೇ ತೂಗಿ ಆ ಅಂಕಿ ಕೊಡುತ್ತಾರೆ. ಗೂಟ, ಹಗ್ಗ, ಚೀಲ ಸೇರಿದರೆ ಇನ್ನೂ ಇನ್ನೂರು ಮುನ್ನೂರು ಗ್ರಾಂ ಏರಬಹುದು. ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ನೋಡಿದರೆ ನಿಜ ತಿಳಿಯುತ್ತದೆ. ಆ ತೂಕವನ್ನು ಇಬ್ಬರು ಹಂಚಿಕೊಳ್ಳುತ್ತೀರಿ ಎಂಬುದನ್ನೂ ಮರೆಯಬೇಡಿ. ಒಬ್ಬರು ಬಟ್ಟೆ, ಇನ್ನೊಬ್ಬರು ಕೋಲು ಮತ್ತು ಗೂಟ. 1800 ಗ್ರಾಮಿನ ಡೇರೆ ತಲೆಗೆ 900 ಗ್ರಾಮಾಯಿತು. ಒಬ್ಬೊಬ್ಬರೂ ಬೇರೆ ಬೇರೆ ಡೇರೆ ಹೊರುವುದಕ್ಕಿಂತ ಇದು ಬಹುಮಟ್ಟಿಗೆ ಲಾಭವೇ.

ಇನ್ನು ‘ಇಬ್ಬರ ಡೇರೆ’ ಎಂಬ ಮಾತು. ಸಾಮಾನ್ಯವಾಗಿ ಅದರ ನೆಲದ ಅಗಲ 130 ಸೆಂಟಿಮೀಟರಿನಷ್ಟು. ಅಗಲದ ಮಲಗುಹಾಸು ಒಂದಕ್ಕೆ 64 ಸೆಂಟಿಮೀಟರ್ ಬೇಕು. ಎರಡಕ್ಕೆ 128. ಉಳಿದದ್ದು ಎರಡು ಬೆರಳಿನಗಲ! ಒದ್ದೆ ಬೂಟು, ಬೆನ್ನುಚೀಲ, ಬೇಟೆಗಾರನಾದರೆ ಬಂದೂಕು ಅಥವಾ ಬಿಲ್ಲು, ಇವೆಲ್ಲ ಎಲ್ಲಿಗೆ ಹೋಗಬೇಕು? ಅದಕ್ಕಾಗಿಯೇ ಹೊರ ಹೊದಿಕೆ ಬಾಗಿಲ ಮುಂದೆ ಸ್ವಲ್ಪ ಚಾಚಿ, ಪುಟ್ಟ ಜಗುಲಿಯಂತೆ ಇರಬೇಕು. ಎರಡು ಬದಿಗೆ ಎರಡು ಬಾಗಿಲಿದ್ದರೆ ಉತ್ತಮ. ನಡುರಾತ್ರಿ ಒಬ್ಬರು ಹೊರಗೆ ಹೋಗಬೇಕಾದಾಗ ಇನ್ನೊಬ್ಬರನ್ನು ತುಳಿದು ದಾಟುವ ಪ್ರಸಂಗ ಬರುವುದಿಲ್ಲ. ಎರಡನೆಯ ಜಿಪ್ಪಿನ ನೂರು ಗ್ರಾಂ ಉಳಿಸಲು ಹೋಗಿ ಮೂರನೆಯ ದಿನಕ್ಕೆ ಸ್ನೇಹ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಡೇರೆಯ ದೊಡ್ಡ ಶತ್ರು ಯಾವುದು ಎಂದರೆ ಮಳೆ ಎನ್ನುತ್ತೀರಿ. ಅರ್ಧ ಸರಿ. ಹಲವು ರಾತ್ರಿ ಡೇರೆಯೊಳಗೆ ನೀರು ತರುವವರು ನೀವೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಮನ್ನಷ್ಟೇ. ನಮ್ಮ ಡೇರೆಯೊಳಗಿನ ಗಾಳಿ ಎರಡು ಘನಮೀಟರ್ ಎಂದಿಟ್ಟುಕೊಳ್ಳಿ. ಹಿಮ ಬೀಳುವಂಥ ರಾತ್ರಿ ಅದು ತಾಳುವ ನೀರಾವಿ ಬರೀ 10 ಗ್ರಾಂ. ಮಲಗಿರುವ ಇಬ್ಬರ ಉಸಿರು ಒಂದು ಗಂಟೆಯೊಳಗೇ ಅಷ್ಟು ಆವಿಯನ್ನು ಹೊರಬಿಡುತ್ತದೆ. ಉಳಿದ ಏಳು ಗಂಟೆಯ ಆವಿ ಎಲ್ಲಿಗೆ ಹೋಗಬೇಕು? ಹೊರಹೋಗಲು ದಾರಿಯಿಲ್ಲದಿದ್ದರೆ ತಣ್ಣಗಿರುವ ಬಟ್ಟೆಯ ಒಳಮೈಮೇಲೆ ಹನಿಗಟ್ಟಿ, ಗಾಳಿ ಬೀಸಿ ಬಟ್ಟೆ ನಡುಗಿದಾಗ ನಿಮ್ಮ ಮೇಲೆಯೇ ಉದುರುತ್ತದೆ.

ಶುಭ್ರ ಆಕಾಶದ ರಾತ್ರಿ ಇದು ಇನ್ನೂ ಹೆಚ್ಚು. ಡೇರೆಯ ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಧನುರ್ಮಾಸದ ಬೆಳಿಗ್ಗೆ ಅಂಗಳದಲ್ಲಿ ನಿಂತ ಸೈಕಲ್ಲಿನ ಸೀಟು ಒದ್ದೆಯಾಗಿ, ಮಾವಿನ ಮರದಡಿಯ ಸೈಕಲ್ಲು ಒಣಗಿರುವುದನ್ನು ನೀವು ಕಂಡಿರಬಹುದು. ಕಾರಣ ಅದೇ. ಆದ್ದರಿಂದ ಡೇರೆಯನ್ನು ಗಟ್ಟಿಮುಟ್ಟಾದ ಮರಗಳ ಆಸರೆಯಲ್ಲಿ ಹೂಡುವುದು ಮೇಲು. ಒಣಗಿದ ಮರದ ಕೆಳಗೆ ಮಾತ್ರ ಬೇಡ. ತಣ್ಣನೆಯ ಗಾಳಿ ಭಾರ, ಅದು ಕಣಿವೆಯ ತಳಕ್ಕೆ ಇಳಿದು ನಿಲ್ಲುತ್ತದೆ. ತೊರೆಯ ದಂಡೆಯ ಸಮತಟ್ಟು ಹುಲ್ಲು ಕಣ್ಣಿಗೆ ಚೆಂದ, ರಾತ್ರಿಗೆ ಒದ್ದೆ.

ಎರಡು ಪದರದ ಡೇರೆಯ ಮಹತ್ವ ಇಲ್ಲಿದೆ. ಒಳಗೆ ಸೊಳ್ಳೆಪರದೆಯಂಥ ಬಟ್ಟೆ, ಅದರ ಮೇಲೆ ಒಂದಂಗುಲವೋ ಎರಡಂಗುಲವೋ ಬಿಟ್ಟು ನೀರು ತಡೆಯುವ ಹೊರ ಹೊದಿಕೆ. ಆವಿ ಪರದೆಯನ್ನು ದಾಟಿ ಹೊರ ಹೊದಿಕೆಗೆ ಅಂಟುತ್ತದೆ, ನೀವು ಒಣಗಿರುತ್ತೀರಿ. ಒಂದೇ ಪದರದ್ದು ಮುನ್ನೂರು ನಾನೂರು ಗ್ರಾಂ ಹಗುರ ನಿಜ. ಆದರೆ ಇಬ್ಬರು ಹಲವು ರಾತ್ರಿ ಮಲಗುವುದಾದರೆ ಈ ಉಳಿತಾಯ ಬೇಡ. ಬಾತುಕೋಳಿ ಪುಕ್ಕ ತುಂಬಿದ ಮಲಗುಚೀಲ ಒದ್ದೆಯಾದರೆ ಮುದುಡಿ ತನ್ನ ಬೆಚ್ಚನೆಯ ಗುಣವನ್ನೇ ಕಳೆದುಕೊಳ್ಳುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ನಡುಕ, ತೊದಲು, ಆಮೇಲೆ ಮಂಕು ಕವಿಯುತ್ತದೆ. ಆ ಮಂಕಿನಲ್ಲಿ ಮನುಷ್ಯ ತನಗೆ ಏನಾಗುತ್ತಿದೆ ಎಂಬುದನ್ನೇ ಗುರುತಿಸಲಾರ. ರಸ್ತೆ ಎರಡು ದಿನ ದೂರವಿರುವಾಗ ಇದು ಪ್ರಾಣದ ಮಾತು.

ಬಟ್ಟೆಯ ಬಗ್ಗೆ ಎರಡು ಪದ ತಿಳಿದಿರಲಿ. ಮೊದಲನೆಯದು ಡೆನಿಯರ್. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಹಗುರ ಡೇರೆಗಳಲ್ಲಿ 15, 20 ಡೆನಿಯರ್ ನೂಲು ಸಾಮಾನ್ಯ. ಎರಡನೆಯದು ನೀರಿನ ಕಂಬದ ಎತ್ತರ. ಬಟ್ಟೆಯ ಮೇಲೆ 1200 ಮಿಲಿಮೀಟರ್ ಎತ್ತರದ ನೀರು ನಿಲ್ಲಿಸಿದರೂ ಸೋರದಿದ್ದರೆ ಆ ಅಂಕಿಯನ್ನು ಬರೆಯುತ್ತಾರೆ. ಮಾಡಿಗೆ ಅಷ್ಟಿದ್ದರೆ ನಡೆದೀತು. ನೆಲಕ್ಕೆ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. 35 ಕಿಲೋ ಭಾರ ಒಂದು ಮಂಡಿಯ 50 ಚದರ ಸೆಂಟಿಮೀಟರ್ ಮೇಲೆ ಬಿದ್ದರೆ, ಚದರ ಸೆಂಟಿಮೀಟರಿಗೆ 0.7 ಕಿಲೋ. ಇದು 7 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ! 3000 ಎಂದು ಬರೆದ ನೆಲವೂ ಕೆಸರಿನ ಮೇಲೆ ಮಂಡಿಯೂರಿದಲ್ಲಿ ಜಿನುಗುವುದು ಏಕೆಂದು ಈಗ ತಿಳಿಯಿತಲ್ಲವೆ? ಡೇರೆಯ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸುವುದು ಕೆಲವು ಗ್ರಾಮುಗಳ ಉಪಾಯ. ಹಾಳೆಯ ಅಂಚು ಡೇರೆಯಿಂದ ಹೊರಗೆ ಇಣುಕಬಾರದು, ಇಣುಕಿದರೆ ಮಳೆನೀರನ್ನು ಅದೇ ಹಿಡಿದು ಒಳಕ್ಕೆ ತರುತ್ತದೆ.

ನೈಲಾನ್ ಬಲವಾದದ್ದು, ಆದರೆ ನೀರು ಹೀರಿ ಸಡಿಲವಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಬೇಟೆಗಾರ ಬೆಳಗಿನ ಕತ್ತಲಲ್ಲಿ ಹೊರಟು ರಾತ್ರಿ ಮರಳುತ್ತಾನೆ, ನಡುವೆ ಹಗ್ಗ ಬಿಗಿಯಲು ಡೇರೆಯ ಬಳಿ ಯಾರೂ ಇರುವುದಿಲ್ಲ. ಇದೇ ಕಾರಣಕ್ಕೆ ಊರುಗೋಲಿನ ಮೇಲೆ ನಿಲ್ಲುವ ಅತಿ ಹಗುರ ಡೇರೆಯೂ ಅವನಿಗೆ ಇಕ್ಕಟ್ಟು: ಹಗಲು ಊರುಗೋಲು ಒಯ್ದರೆ ಡೇರೆ ಮಲಗುತ್ತದೆ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 20 ಕಿಲೋಮೀಟರ್ ಗಾಳಿ 60 ಆದರೆ ಒತ್ತಡ ಮೂರರಷ್ಟಲ್ಲ, ಒಂಬತ್ತರಷ್ಟು. ಕೋಲುಗಳು ಒಂದನ್ನೊಂದು ಹಾಯ್ದು ತ್ರಿಕೋನಗಳಾಗುವ ಗುಮ್ಮಟ ಇಲ್ಲಿ ಗಟ್ಟಿ. 1975ರಲ್ಲಿ ನಾರ್ತ್ ಫೇಸ್ ಕಂಪನಿ ಓವಲ್ ಇಂಟೆನ್ಷನ್ ಎಂಬ ಡೇರೆಯಲ್ಲಿ ಈ ವಿನ್ಯಾಸ ತಂದಿತು. ಗುಮ್ಮಟದ ಹಿಂದಿನ ರೇಖಾಗಣಿತವನ್ನು ಜನಪ್ರಿಯಗೊಳಿಸಿದವರು ಬಕ್‌ಮಿನ್‌ಸ್ಟರ್ ಫುಲ್ಲರ್. ಕೋಲು ಅಲ್ಯುಮಿನಿಯಂನದಿರಲಿ. ಫೈಬರ್‌ಗ್ಲಾಸ್ ಅಗ್ಗ, ಭಾರ, ಚಳಿಯಲ್ಲಿ ಸೀಳುವ ಭಯ ಬೇರೆ.

ಅಕ್ಟೋಬರ್, ನವೆಂಬರಿನ ಹಿಮದಲ್ಲಿ ಕೆಲವು ಬೇಟೆಗಾರರು ನೆಲವೇ ಇಲ್ಲದ ಶಂಕುವಿನಾಕಾರದ ಡೇರೆಯನ್ನೂ, ಮಡಿಸಬಲ್ಲ ಟೈಟಾನಿಯಂ ಒಲೆಯನ್ನೂ ಒಯ್ಯುತ್ತಾರೆ. ಕಾಲುಚೀಲ ಒಣಗುತ್ತದೆ, ಮನಸ್ಸೂ ಬೆಚ್ಚಗಾಗುತ್ತದೆ. ಅದು ಹೊಗೆಕೊಳವೆಯುಳ್ಳ, ಅದಕ್ಕೆಂದೇ ಮಾಡಿದ ವ್ಯವಸ್ಥೆ. ನೀವು ಮಾತ್ರ ಮುಚ್ಚಿದ ಡೇರೆಯೊಳಗೆ ಸ್ಟೌ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಇನ್ನು ನೆಲವಿಲ್ಲದ ಡೇರೆ ನಮ್ಮ ಮಲೆನಾಡಿಗೆ ಆಗುವ ಮಾತಲ್ಲ. ಮಳೆಗಾಲದಲ್ಲಿ ಇಂಬಳಗಳು ನಿಮಗಿಂತ ಮೊದಲೇ ಒಳಗೆ ಸೇರಿರುತ್ತವೆ. ಸಹ್ಯಾದ್ರಿಯ ಮೀಸಲು ಅರಣ್ಯದಲ್ಲಿ ಡೇರೆ ಹೂಡಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದೂ ತಿಳಿದಿರಲಿ.

ಡೇರೆ ಕೊಂಡ ಮೇಲೆ, ಅಥವಾ ಬಾಡಿಗೆಗೆ ತಂದ ಮೇಲೆ, ನೇರವಾಗಿ ಬೆಟ್ಟಕ್ಕೆ ಹೊರಡಬೇಡಿ. ಶಾಲೆಯ ಮೈದಾನದಲ್ಲೋ ಮನೆಯ ಹಿತ್ತಿಲಲ್ಲೋ ಹೂಡಿ, ಎರಡು ಕೊಡ ನೀರನ್ನು ಹೊಲಿಗೆಗಳ ಮೇಲೆ ಸುರಿಯಿರಿ. ಸಿಲಿಕೋನ್ ಲೇಪದ ಬಟ್ಟೆಯಾದರೆ ಹೊಲಿಗೆಗೆ ನೀವೇ ಸಿಲಿಕೋನ್ ಅಂಟು ಬಳಿಯಬೇಕಾಗಬಹುದು. ಹಳೆಯ ಪಾಲಿಯುರೆಥೇನ್ ಲೇಪ ಅಂಟಂಟಾಗಿ ಕಮಟು ವಾಸನೆ ಹೊಡೆಯುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ. ನಂತರ ಒಂದು ರಾತ್ರಿ ಇಬ್ಬರೂ ಅದರಲ್ಲೇ ಮಲಗಿ. ಬೆಳಿಗ್ಗೆ ಎದ್ದು ಮಾಡಿನ ಒಳಮೈಯನ್ನು ಅಂಗೈಯಿಂದ ಸವರಿ ನೋಡಿ. ಇನ್ನೊಂದು ಸಂಜೆ ದೀಪವಿಲ್ಲದೆ, ಕೈಗವಸು ತೊಟ್ಟು ಡೇರೆ ಎಬ್ಬಿಸಿ. ಹತ್ತು ನಿಮಿಷದಲ್ಲಿ ಅದು ಎದ್ದು ನಿಲ್ಲುವಂತಿರಬೇಕು.