ಪುಸ್ತಕದಂಗಡಿಯೂ ಮಾತಿನ ಕಸುವೂ

ಹಲವು ಊರುಗಳಲ್ಲಿ ಶಾಖೆಗಳಿರುವ ದೊಡ್ಡ ವ್ಯಾಪಾರಿ ಸಂಸ್ಥೆಯ ಹಂಗಿಲ್ಲದೆ, ಒಬ್ಬ ವ್ಯಕ್ತಿಯೋ ಒಂದು ಕುಟುಂಬವೋ ತನ್ನ ಅಭಿರುಚಿಯನ್ನೂ ಬಂಡವಾಳವನ್ನೂ ನೆಚ್ಚಿ ನಡೆಸುವ ಮಳಿಗೆಯನ್ನು ಸ್ವತಂತ್ರ ಪುಸ್ತಕದಂಗಡಿ ಎನ್ನಲಾಗುತ್ತದೆ. ಯಾವ ಪುಸ್ತಕವನ್ನು ತರಿಸಬೇಕು, ಯಾರಿಗೆ ಯಾವುದನ್ನು ತೋರಿಸಬೇಕು ಎಂಬುದನ್ನು ಅಲ್ಲಿ ಓದಿ ಬಲ್ಲವರೊಬ್ಬರು ತೀರ್ಮಾನಿಸುವುದರಿಂದ, ಮಾರಾಟದ ಜೊತೆಗೇ ಪುಸ್ತಕದ ಕುರಿತ ಮಾತುಕತೆಯೂ ನಡೆಯುತ್ತದೆ. ಸಂವಹನ ಸಾಮರ್ಥ್ಯವನ್ನು, ಅಂದರೆ ಹೇಳಬೇಕಾದುದನ್ನು ತಿಳಿಯುವಂತೆ ಹೇಳುವ ಮತ್ತು ಇನ್ನೊಬ್ಬರು ಹೇಳಿದ್ದನ್ನು ಸರಿಯಾಗಿ ಗ್ರಹಿಸುವ ಶಕ್ತಿಯನ್ನು, ಓದು ಹೇಗೆ ಬೆಳೆಸುತ್ತದೆ ಎಂದು ವಿಚಾರಿಸುವವರು ಈ ಮಾತುಕತೆಯನ್ನು ಬದಿಗಿಡುವಂತಿಲ್ಲ.

ದಿನಬಳಕೆಯ ಮಾತಿಗೆ ಕೆಲವೇ ಪದಗಳು ಸಾಕಾಗುತ್ತವೆ. ಸಂದರ್ಭವು ಎದುರಿಗಿರುವವರಿಗೆ ಗೊತ್ತಿರುತ್ತದೆ, ಉಳಿದುದನ್ನು ಕೈಸನ್ನೆಯೂ ದನಿಯ ಏರಿಳಿತವೂ ತುಂಬಿಕೊಡುತ್ತವೆ. ಈ ಆಸರೆಗಳಿಲ್ಲದ ಬರಹವು ಖಚಿತವಾದ ಪದಗಳನ್ನೂ ಕಾರಣ-ಪರಿಣಾಮಗಳನ್ನು ಹೆಣೆದು ತೋರಿಸುವ ವಾಕ್ಯಗಳನ್ನೂ ಬಳಸಲೇಬೇಕಾಗುತ್ತದೆ. ಇಂಗ್ಲಿಷ್ ಭಾಷೆಯನ್ನು ಕುರಿತು ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಆರೆನ್ಸ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿ ಹೆಚ್ಚು ಬಳಕೆಯ 10,000 ಪದಗಳ ಆಚೆಗಿನವನ್ನು ವಿರಳ ಪದಗಳೆಂದು ಎಣಿಸಿದಾಗ, ಪದವೀಧರ ವಯಸ್ಕರ ಮಾತುಕತೆಯಲ್ಲಿ ಸಾವಿರ ಪದಗಳಿಗೆ ಅಂಥವು ಸುಮಾರು 17 ಸಿಕ್ಕರೆ, ಮಕ್ಕಳ ಪುಸ್ತಕಗಳಲ್ಲಿ ಸುಮಾರು 31 ಸಿಕ್ಕವು.

ಕನ್ನಡದಲ್ಲಿ ಓದಿನ ಪ್ರಯೋಜನಕ್ಕೆ ಇನ್ನೊಂದು ಮುಖವಿದೆ. ಧಾರವಾಡ, ಕುಂದಾಪುರ, ನಂಜನಗೂಡುಗಳ ಮನೆಮಾತುಗಳ ನಡುವೆ ಎಷ್ಟು ಅಂತರವಿದೆಯೆಂದರೆ, ಒಂದು ಸೀಮೆಯವರ ಮಾತಿನ ಒಳಸುಳಿ ಇನ್ನೊಂದು ಸೀಮೆಯವರಿಗೆ ಥಟ್ಟನೆ ಹತ್ತುವುದಿಲ್ಲ. ಮೈಸೂರಿನ ಓದುಗರು ರಾವ್ ಬಹಾದ್ದೂರರ ‘ಗ್ರಾಮಾಯಣ’ವನ್ನು, ಧಾರವಾಡದ ಓದುಗರು ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಕೈಗೆತ್ತಿಕೊಂಡಾಗ ಮೊದಲ ಪುಟಗಳಲ್ಲಿ ತಡವರಿಸಿದರೂ, ಓದುತ್ತ ಹೋದಂತೆ ಆ ಲಯಕ್ಕೆ ಕಿವಿ ಒಗ್ಗಿ, ತಮ್ಮದಲ್ಲದ ಕನ್ನಡವನ್ನು ತಾಳ್ಮೆಯಿಂದ ಕೇಳುವ ಅಭ್ಯಾಸವನ್ನು ಪಡೆಯುತ್ತಾರೆ. ಭಾಷಣಕಲೆಯ ತರಬೇತಿಗಳಲ್ಲಿ ಸಾಮಾನ್ಯವಾಗಿ ಹಿಂದೆ ಬೀಳುವುದು ಕೇಳುವ ಈ ಗುಣವೇ.

ಆದರೆ ಇನ್ನೊಂದು ಸೀಮೆಯ ಪುಸ್ತಕ ಓದುಗರ ಕೈಗೆ ತಾನಾಗಿಯೇ ಬರುವುದಿಲ್ಲ, ಅದನ್ನು ತಂದು ಪರಿಚಯಿಸುವವರು ಬೇಕು. ಗಳಗನಾಥರು (1869–1942) ತಾವೇ ಬರೆದ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ, ಮರಾಠಿಯ ಪ್ರಭಾವ ದಟ್ಟವಾಗಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ಮನೆಮನೆಗಳಲ್ಲಿ ಕನ್ನಡ ಓದುಗರನ್ನು ಹುಟ್ಟಿಸಿದರು. ಮಾರುವವನ ಮಾತೇ ಅಲ್ಲಿ ಪುಸ್ತಕದ ಮೊದಲ ಪರಿಚಯವಾಗಿತ್ತು. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು, ಓದುಗರಿಂದ ಚಂದಾ ಪಡೆದು ಪುಸ್ತಕಗಳನ್ನು ತಲುಪಿಸುವ ಪದ್ಧತಿಯನ್ನು ಬೆಳೆಸಿತು. ಪ್ರಕಾಶನ ಸಂಸ್ಥೆಯೇ ಆದರೂ, ಅದರ ಕಚೇರಿಯಾದ ‘ಅಟ್ಟ’ ಲೇಖಕರೂ ಓದುಗರೂ ಕೂಡಿ ವಾದಿಸುವ ಜಾಗವಾಗಿ, ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಮಾತಿಗೆ ನೆಲೆಯಾಯಿತು. ಬೆಂಗಳೂರಿನಲ್ಲಿ ಟಿ. ಎಸ್. ಶಾನಭಾಗರು 1971ರಿಂದ 2009ರವರೆಗೆ ನಡೆಸಿದ ಪ್ರೀಮಿಯರ್ ಬುಕ್‌ಶಾಪ್‌ನಲ್ಲಿ ಪುಸ್ತಕಗಳು ಮಾಡು ಮುಟ್ಟುವಂತೆ ಪೇರಿಸಿದ್ದರೂ, ಕೇಳಿದ್ದು ಎಲ್ಲಿದೆಯೆಂಬುದು ಮಾಲೀಕರಿಗೆ ತಿಳಿದಿರುತ್ತಿತ್ತು. ಇಂಥ ಕಡೆ ತನಗೆ ಬೇಕಾದುದನ್ನು ವಿವರಿಸಿ ಕೇಳುವ, ಓದಿದ್ದು ಏಕೆ ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂಬುದಕ್ಕೆ ಕಾರಣ ಕೊಡುವ ತರುಣ ಓದುಗನಿಗೆ, ಪುಟಗಳಲ್ಲಿ ಕಂಡ ಪದಗಳನ್ನು ನಾಲಗೆಯ ಮೇಲೆ ಆಡಿಸಿ ನೋಡುವ ಅವಕಾಶ ಸಿಗುತ್ತದೆ.

ಈ ಅಂಗಡಿಗಳ ಲೆಕ್ಕಾಚಾರ ಮಾತ್ರ ಬಹಳ ಬಿಗಿಯಾದುದು. ಪುಸ್ತಕದ ಬೆಲೆಯಲ್ಲಿ ಪ್ರಕಾಶಕರು ಬಿಟ್ಟುಕೊಡುವ ಕಮಿಷನ್ನಿನಲ್ಲೇ ಬಾಡಿಗೆ, ಸಂಬಳ, ಸಾಗಣೆಯ ವೆಚ್ಚಗಳನ್ನು ತೂಗಿಸಬೇಕಾಗಿರುವಾಗ, ಅಂತರ್ಜಾಲದ ಮಾರಾಟಗಾರರು ಕೊಡುವ ಭಾರಿ ರಿಯಾಯಿತಿಗೆ ಸಾಟಿಯಾಗಿ ನಿಲ್ಲುವುದು ಕಷ್ಟ. ಸರಕಾರವು ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳನ್ನು ಪ್ರಕಾಶಕರಿಂದ ನೇರವಾಗಿ ಗ್ರಂಥಾಲಯಗಳಿಗೆ ಕೊಳ್ಳುವ ಸಗಟು ಖರೀದಿಯಲ್ಲಂತೂ ಅಂಗಡಿಯವರಿಗೆ ಪಾಲೇ ಇಲ್ಲ. ಮಂಗಳೂರಿನಲ್ಲಿ ಜಿ. ಎನ್. ಅಶೋಕವರ್ಧನರು 1975ರಲ್ಲಿ ತೆರೆದು 2012ರಲ್ಲಿ ಮುಚ್ಚಿದ ಅತ್ರಿ ಬುಕ್ ಸೆಂಟರ್ ಕರಾವಳಿಯ ಓದುಗರಿಗೆ ದೊಡ್ಡ ಆಧಾರವಾಗಿತ್ತು. ಆ ವೃತ್ತಿಯ ಅನುಭವಗಳನ್ನು ಅವರು ‘ಪುಸ್ತಕ ಮಾರಾಟ ಹೋರಾಟ’ ಎಂಬ ಕೃತಿಯಲ್ಲಿ ದಾಖಲಿಸಿದ್ದಾರೆ. ಶಾಲೆ-ಕಾಲೇಜುಗಳು ತಮ್ಮ ಗ್ರಂಥಾಲಯದ ಖರೀದಿಯ ಒಂದು ಭಾಗವನ್ನಾದರೂ ಊರಿನ ಅಂಗಡಿಯಲ್ಲೇ ಮಾಡಿ, ಆಯ್ಕೆಗೆ ವಿದ್ಯಾರ್ಥಿಗಳನ್ನೇ ಕಳುಹಿಸಿ, ಆರಿಸಿದ ಪುಸ್ತಕವನ್ನು ತರಗತಿಯಲ್ಲಿ ಸಮರ್ಥಿಸಿಕೊಳ್ಳುವಂತೆ ಕೇಳಿದರೆ, ಅಂಗಡಿಗೆ ವ್ಯಾಪಾರವೂ ಮಕ್ಕಳಿಗೆ ಮಾತಿನ ಅಭ್ಯಾಸವೂ ಒಂದೇ ವೆಚ್ಚದಲ್ಲಿ ದೊರೆಯುತ್ತವೆ.