ಹೂವಿನ ಮರ ಫೋಟೊಗೆ, ಹೊಂಗೆ ಮರ ಬದುಕಿಗೆ

ಬೆಂಗಳೂರಿನಲ್ಲಿ ಗುಲಾಬಿ ಟಬೇಬುಯಾ ಅರಳಿದ ವಾರ ಎಲ್ಲರ ಇನ್‌ಸ್ಟಾಗ್ರಾಮ್‌ನಲ್ಲೂ ಅದೇ ಫೋಟೊ. ನಾನೂ ಹಾಕಿದ್ದೇನೆ. ಆದರೆ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಕ್ಕ ಗಾಡಿ ನಿಲ್ಲಿಸೋದು ಆ ಮರದ ಕೆಳಗಲ್ಲ, ಮೂಲೆಯ ಹೊಂಗೆ ಕೆಳಗೆ. ಯಾಕಕ್ಕಾ ಅಂದೆ. "ಹೂ ನೋಡ್ಕೊಂಡು ಕೂತ್ರೆ ಸೊಪ್ಪು ಬಾಡೋಗುತ್ತಪ್ಪಾ" ಅಂದ್ರು.

ಅವರ ಮಾತಿನಲ್ಲಿ ಸಸ್ಯಶಾಸ್ತ್ರವೂ ಇದೆ, ರಾಜಕೀಯವೂ ಇದೆ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಟಬೇಬುಯಾ ಹೂ ಬಿಡುವಾಗ ಕೊಂಬೆಯಲ್ಲಿ ಎಲೆಯೇ ಕಡಿಮೆ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಒಣ ಹವೆಯಲ್ಲಿ ಎಲೆ ಉದುರಿಸುತ್ತದೆ. ನಮ್ಮದೇ ನೆಲದ ಹೊಂಗೆ ಮಾತ್ರ ಚಳಿಗಾಲ ಮುಗಿಯುವಾಗ ಹಳೆ ಎಲೆ ಕಳಚಿ, ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡಿರುತ್ತದೆ. ಬಿಸಿಲು ಏರುವಾಗಲೇ ಅದರ ನೆರಳು ದಟ್ಟ. ಬೇರು ಆಳಕ್ಕಿಳಿಯುವುದರಿಂದ ಬರವನ್ನೂ ತಡೆದುಕೊಳ್ಳುತ್ತದೆ. ದ್ವಿದಳ ಜಾತಿಯಾದ್ದರಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ರೈತರು ಅದರ ಸೊಪ್ಪನ್ನು ಗೊಬ್ಬರವಾಗಿ ಗದ್ದೆಗೆ ತುಳಿಯುತ್ತಿದ್ದದ್ದು ಸುಮ್ಮನೆ ಅಲ್ಲ.

ಬೆಳೆಸೋದು ಕಷ್ಟವಿಲ್ಲ. ಮರದಡಿ ಬಿದ್ದ ಒಣ ಕಾಯಿ ಒಡೆದು, ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಚೀಲದ ಮಣ್ಣಿಗೆ ಹಾಕಿ. ವರ್ಷದ ಗಿಡವನ್ನು ಮುಂಗಾರು ಶುರುವಾದಾಗ ಎರಡಡಿ ಆಳದ ಗುಂಡಿಯಲ್ಲಿ ನೆಡಿ. ವಿದ್ಯುತ್ ತಂತಿಯ ಕೆಳಗೆ ಬೇಡ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ಎಲೆ ಮೇಲೆ ಬಿಳಿ ಗೆರೆ, ಗಂಟು ಕಂಡರೆ ಗಾಬರಿ ಬೇಡ; ಅದು ಪುಟ್ಟ ಹುಳುಗಳ ಕೆಲಸ, ಮರ ಸಾಯೋದಿಲ್ಲ.

ಸಾಯೋದು ಕಾಂಕ್ರೀಟಿನಿಂದ. ಫುಟ್‌ಪಾತ್ ಮಾಡುವಾಗ ಬುಡದವರೆಗೂ ಸಿಮೆಂಟ್ ಸುರಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಆದರೆ ಹೀಗೆ ನಿಧಾನಕ್ಕೆ ಉಸಿರು ಕಟ್ಟಿಸೋದು ಯಾರ ಕಣ್ಣಿಗೂ ಕಡಿದಂತೆ ಕಾಣಲ್ಲ. ಹಾಗಾಗಿ ನಿಮ್ಮ ಬೀದಿಯಲ್ಲಿ ಕಾಮಗಾರಿ ಶುರುವಾದ ದಿನವೇ ಹೋಗಿ, ಬುಡದ ಸುತ್ತ ಮೂರ್ನಾಲ್ಕು ಅಡಿ ಮಣ್ಣು ಬಿಡಿ ಅಂತ ಕೇಳಿ.

ಎಸಿ ಇರುವವರಿಗೆ ಮರ ಅಂದರೆ ಅಂದ. ಗಾಡಿ ತಳ್ಳುವವರಿಗೆ, ಕಸ ಗುಡಿಸುವವರಿಗೆ, ಆರ್ಡರ್‌ಗಾಗಿ ಬೈಕ್ ಮೇಲೆ ಕಾಯುವ ಡೆಲಿವರಿ ಹುಡುಗರಿಗೆ ಅದು ದುಡಿಯುವ ಜಾಗ. ಮುಂದಿನ ಸಲ ಸಸಿ ನೆಡುವಾಗ ಯಾವ ಹೂವು ಅಂತ ಕೇಳುವ ಮೊದಲು, ಇಲ್ಲಿ ಮಧ್ಯಾಹ್ನ ಯಾರು ನಿಂತಿರ್ತಾರೆ ಅಂತ ನೋಡಿ.