ಕಂಬಗಳ ನಡುವೆ ಕಾರು

ಕೊಯಾಲಿಯ ತೈಲ ಶುದ್ಧೀಕರಣಾಗಾರ ಆರಂಭವಾದದ್ದು 1965ರಲ್ಲಿ. ಉದ್ಯೋಗನಿಮಿತ್ತ ಈ ಪ್ರದೇಶಕ್ಕೆ ಬಂದ ಕನ್ನಡಿಗರಲ್ಲಿ ಅನೇಕರು ನಿವೃತ್ತಿಯ ಬಳಿಕ ವಡೋದರಾದ ಫ್ಲ್ಯಾಟುಗಳಲ್ಲಿ ನೆಲೆಸಿದ್ದೇವೆ. ಕ್ವಾರ್ಟರ್ಸಿನ ಅಂಗಳದಲ್ಲಿ ಹಾಯಾಗಿ ನಿಲ್ಲುತ್ತಿದ್ದ ಕಾರು ಈಗ ಎರಡು ಕಂಬಗಳ ನಡುವೆ ತೂರಬೇಕು.

ಒಂದು ಕಾರಿಗೆ ಸಾಮಾನ್ಯವಾಗಿ ಗುರುತಿಸುವ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. 1983ರಲ್ಲಿ ಬಂದ ಮಾರುತಿ 800ರ ಅಗಲ ಒಂದೂವರೆ ಮೀಟರಿಗಿಂತ ಕಡಿಮೆ. ಇಂದಿನ ಕ್ರೆಟಾದಂತಹ ಕಾರಿನದು ಸುಮಾರು 1.79 ಮೀಟರ್. ಅಂದರೆ ಒಂದೊಂದು ಬದಿಗೆ ಉಳಿಯುವುದು ಒಂದಡಿಗಿಂತ ತುಸು ಹೆಚ್ಚು. ಕಂಬ ಅದರಲ್ಲೂ ಪಾಲು ಕೇಳುತ್ತದೆ.

ಇಂತಹ ಕಡೆ ಹಿಮ್ಮುಖವಾಗಿ ನಿಲ್ಲಿಸುವುದೇ ಸುಲಭ. ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಮುಂದಕ್ಕೆ ಹೋಗುತ್ತಾ ತಿರುಗಿಸಿದರೆ ಹಿಂದಿನ ಚಕ್ರಗಳು ಒಳಸುತ್ತು ಹಿಡಿಯುತ್ತವೆ; ಬಾಗಿಲು ಕಂಬಕ್ಕೆ ಉಜ್ಜುತ್ತದೆ. ಹಿಮ್ಮುಖವಾಗಿ ಹೋದಾಗ ಹಿಂಭಾಗ ಮೊದಲು ಒಳಸೇರಿ, ಮುಂಭಾಗ ತಿರುಗಲು ಹೊರಗೆ ಸ್ಥಳವಿರುತ್ತದೆ. ಜೊತೆಯಲ್ಲಿರುವವರನ್ನು ಮೊದಲೇ ಇಳಿಸಬೇಕು. ಅವಸರ ಕೂಡದು.

ಆದರೆ ಕೌಶಲವೊಂದರಿಂದಲೇ ಎಲ್ಲವೂ ಬಗೆಹರಿಯದು. ನಮ್ಮ ಕಟ್ಟಡದ ವೃದ್ಧೆಯೊಬ್ಬರು ಮಂಡಿನೋವಿನಿಂದ ಬಳಲುವವರು. ಬಾಗಿಲು ಪೂರ್ತಿ ತೆರೆಯದ ಕಾರಣ, ಮಳೆಯಲ್ಲೂ ಗೇಟಿನ ಬಳಿಯೇ ಇಳಿದು ನಡೆದು ಬರುತ್ತಿದ್ದರು. ಪಕ್ಕದ ಮನೆಯವರೊಡನೆ ಮಾತು ನಿಂತು ತಿಂಗಳುಗಳಾಗಿದ್ದವು. ಕಾರಣ ಒಂದು ಗೀರು!

2010ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪ್ರಕರಣವೊಂದರಲ್ಲಿ, ಕಟ್ಟಡದ ತಳದಲ್ಲಿ ಕಂಬಗಳ ನಡುವಿನ ಜಾಗ ಎಲ್ಲ ನಿವಾಸಿಗಳ ಸಾಮಾನ್ಯ ಸ್ವತ್ತು, ನಿರ್ಮಾಪಕರು ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ತೀರ್ಪಿತ್ತಿತು. ಈ ತೀರ್ಪನ್ನು ಸೊಸೈಟಿಯ ಸಭೆಯಲ್ಲಿ ಓದಿದೆವು. ಸಾಮಾನ್ಯ ಸ್ವತ್ತೆಂದ ಮೇಲೆ ಅಗತ್ಯವನ್ನು ನೋಡಿ ಹಂಚಿಕೊಳ್ಳಬಹುದಲ್ಲವೇ? ಲಿಫ್ಟಿನ ಪಕ್ಕದ, ಒಂದು ಬದಿ ತೆರೆದಿರುವ ಜಾಗವನ್ನು ಆ ವೃದ್ಧೆಯ ಮನೆಗೆ ಬಿಟ್ಟುಕೊಡಲಾಯಿತು. ಬಿಟ್ಟುಕೊಟ್ಟವರು ಮಾತು ನಿಲ್ಲಿಸಿದ್ದ ಆ ಪಕ್ಕದ ಮನೆಯವರೇ.

ಜಪಾನಿನಲ್ಲಿ 1962ರ ಕಾನೂನಿನಂತೆ, ಬಹುತೇಕ ಕಡೆ ನಿಲ್ಲಿಸಲು ಜಾಗವಿದೆಯೆಂದು ತೋರಿಸಿದ ಮೇಲೆಯೇ ಕಾರಿನ ನೋಂದಣಿ. ಬ್ಯಾಂಕಿನಲ್ಲಿ ಕುಳಿತ ನಾವು ಕಾರಿನ ಸಾಲ ಕೊಡುವಾಗ ಸಂಬಳದ ಚೀಟಿ ಕೇಳುತ್ತೇವೆಯೇ ಹೊರತು ಜಾಗದ ಅಳತೆ ಕೇಳುವುದಿಲ್ಲ. ಮುಂದಿನ ಕಾರು ಕೊಳ್ಳುವ ಮುನ್ನ ಓದುಗರು ಅಳತೆಯ ಟೇಪು ಹಿಡಿದು ಒಮ್ಮೆ ಕೆಳಗಿಳಿದು ಬರಲಿ. ಪಕ್ಕದ ಮನೆಯವರನ್ನೂ ಜೊತೆಗೆ ಕರೆದರೆ ಇನ್ನೂ ಒಳಿತು.